ಹುಲಿ ಹಿಡಿಯದ ಕಾಂತಾಬಾಯಿ

ಶಹಾಪುರದ ಕಾಂತಾಬಾಯಿಯವರು ಹುಲಿ-ಕುರಿ ಆಟದಲ್ಲಿ ಎಂಟು ತಿಂಗಳಿಂದ ಸೋತಿರಲಿಲ್ಲ. ಈ ಸಂಗತಿ ಓಣಿಯಲ್ಲಿ ಯಾರಿಗಾದರೂ ಗೊತ್ತಿಲ್ಲದಿದ್ದರೆ ಅದು ಕಾಂತಾಬಾಯಿಯವರ ತಪ್ಪಲ್ಲ. ಹಾಲಿನವನಿಗೆ ಹೇಳಿದ್ದರು, ಬಸದಿಗೆ ಬರುವ ಹೆಂಗಸರಿಗೆ ಹೇಳಿದ್ದರು, ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಟ್ಟಿರಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಗೆಲುವೆಲ್ಲ ತಮ್ಮ ತಲೆಯದೇ ಎಂದು ನಂಬಿದ್ದರು.

ಆಟ ಕಲಿಸಿದವಳು ಗೆಳತಿ ಸಿದ್ದಕ್ಕ. ಖಾನಾಪುರದ ಕಡೆಯ ಕುರಿಗಾರರ ಮನೆತನದವಳು. ಅಂಚೆ ಕಚೇರಿಯಲ್ಲಿ ನೌಕರಿ ಮುಗಿಸಿ ಶಹಾಪುರದಲ್ಲೇ ಉಳಿದಿದ್ದಳು. ತನ್ನ ಮಗಳಿಗೆ ಪಾಠ ಹೇಳಿದವರೆಂದು ಕಾಂತಾಬಾಯಿಯವರನ್ನು ಇಂದಿಗೂ ‘ಅಕ್ಕೋರ’ ಎಂದೇ ಕರೆಯುತ್ತಿದ್ದಳು. ಶನಿವಾರ ಮಧ್ಯಾಹ್ನ ಇಬ್ಬರೂ ಕಾಂತಾಬಾಯಿಯವರ ಮನೆಯ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಆಟದ ಮನೆ ಬರೆದುಕೊಂಡು ಕೂರುತ್ತಿದ್ದರು. ಮೂರು ಹರಳುಕಲ್ಲು ಹುಲಿ, ಹದಿನೈದು ಹುಣಸೆಬೀಜ ಕುರಿ. ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಆ ಕುರಿ ಹೋಯಿತು. ಐದು ಕುರಿ ತಿಂದರೆ ಹುಲಿಗೆ ಗೆಲುವು. ಕುರಿಗಳು ಯಾರನ್ನೂ ಕೊಲ್ಲುವಂತಿಲ್ಲ. ಗುಂಪಾಗಿ ನಿಂತು ಮೂರೂ ಹುಲಿಗಳಿಗೆ ಕದಲಲು ಜಾಗವಿಲ್ಲದಂತೆ ದಾರಿ ಕಟ್ಟಬೇಕು.

ಮೊದಲ ದಿನ ಸಿದ್ದಕ್ಕ ಹರಳುಗಳನ್ನು ಮುಂದೆ ಮಾಡಿದಾಗ ಕಾಂತಾಬಾಯಿ ಕೈ ಹಿಂದೆ ತೆಗೆದಿದ್ದರು.

“ನಾವು ಜೈನರವಾ. ಆಟದಾಗಾದ್ರೂ ಜೀವ ತಿನ್ನೂ ಕೆಲಸ ನನ್ನ ಕೈಲೆ ಆಗೂದಿಲ್ಲ. ಕುರಿ ನನಗ ಕೊಡು.”

“ಉಳ್ಳಾಗಡ್ಡಿ ಮುಟ್ಟದಾಕಿ ಕುರಿ ತಿಂತಾಳೇನು?” ಎಂದು ಒಳಗಿನಿಂದ ಅವರ ಯಜಮಾನರು ಪದ್ಮಾಕರ ನಕ್ಕಿದ್ದರು.

ಸಿದ್ದಕ್ಕ ಕೈಯಲ್ಲಿದ್ದ ಹರಳುಗಳನ್ನೊಮ್ಮೆ ನೋಡಿ, “ತಗೋರಿ ಅಕ್ಕೋರ” ಎಂದು ಬೀಜಗಳನ್ನು ಅತ್ತ ಸರಿಸಿದಳು. ಅಂದಿನಿಂದ ಕುರಿ ಕಾಂತಾಬಾಯಿಯವರದು, ಹುಲಿ ಸಿದ್ದಕ್ಕನದು. ಎರಡನೆಯ ತಿಂಗಳಿಗೇ ಗಣಿತದ ಅಕ್ಕೋರಿಗೆ ಗುಟ್ಟು ಹೊಳೆಯಿತು: ಅವಸರ ಮಾಡದೆ, ಬೆನ್ನಿಗೆ ಬೆನ್ನು ಕೊಟ್ಟು ಆಡಿದರೆ ಕುರಿ ಸೋಲುವುದು ಕಷ್ಟ. ಆಮೇಲೂ ಅವರು ಧರ್ಮವನ್ನು ಬಿಡಲಿಲ್ಲ. ಧರ್ಮ ಇಷ್ಟು ಅನುಕೂಲವಾಗಿರುವಾಗ ಯಾರು ಬಿಡುತ್ತಾರೆ?

ಹೀಗಿರುವಾಗ ಖಾನಾಪುರದ ಒಂದು ತರುಣ ಸಂಘದವರು ಹಳೆಯ ಆಟಗಳ ಸ್ಪರ್ಧೆ ಇಟ್ಟರು. ಗೆದ್ದೇ ಬರುವೆನೆಂದು ಓಣಿಗೆಲ್ಲ ಸಾರಿ, ಬಹುಮಾನ ತೆಗೆದುಕೊಳ್ಳುವಾಗ ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಜರಿಯಂಚಿನ ಸೀರೆ ಉಟ್ಟು, ಕಾಂತಾಬಾಯಿ ಸಿದ್ದಕ್ಕನೊಂದಿಗೆ ಬೆಳಗಿನ ರೈಲು ಹತ್ತಿದರು. ಖಾನಾಪುರದ ಸ್ಟೇಶನ್ನಿಗೆ ಸಿದ್ದಕ್ಕನ ತಮ್ಮ ಭರಮಣ್ಣ ಬಂದಿದ್ದ. ಅವನು ಇಬ್ಬರನ್ನೂ ಸಭಾಗೃಹಕ್ಕೆ ಕರೆದೊಯ್ದ.

ಅಲ್ಲಿ ಚೀಟಿ ಎತ್ತಿದರೆ ಮೊದಲ ಸುತ್ತಿನಲ್ಲೇ ಕಾಂತಾಬಾಯಿಗೆ ಸಿದ್ದಕ್ಕನೇ ಎದುರಾಳಿ! ಸಂಘದ ಗೌರೀಶ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ನಿಯಮ ಹೇಳಿದ: ಎರಡು ಆಟ, ಎರಡನೆಯದರಲ್ಲಿ ಹುಲಿ-ಕುರಿ ಅದಲುಬದಲು. ಸಮವಾದರೆ ಮೂರನೆಯ ಆಟ. ನಾಣ್ಯ ಹಾರಿಸಿ ಗೆದ್ದವರು ತಮಗೆ ಬೇಕಾದ ಕಡೆ ಆರಿಸಿಕೊಳ್ಳಬೇಕು.

“ಹುಲಿ ನಾ ಹಿಡಿಯಂಗಿಲ್ಲಪಾ. ಧರ್ಮದ ಮಾತೈತಿ,” ಎಂದರು ಕಾಂತಾಬಾಯಿ.

“ಹಂಗಾರ ಆಟ ಬಿಟ್ಟಂಗ ಆಕ್ಕೈತ್ರಿ ಬಾಯಾರ,” ಎಂದ ಗೌರೀಶ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆಗಿನದು ಆಗ ನೋಡೋಣವೆಂದು ಕಾಂತಾಬಾಯಿ ಎಂದಿನಂತೆ ಕುರಿ ಹಿಡಿದು ಕೂತರು, ಇಪ್ಪತ್ತು ನಿಮಿಷದಲ್ಲಿ ಗೆದ್ದೂ ಬಿಟ್ಟರು. ಸುತ್ತಲೂ ಚಪ್ಪಾಳೆ ಬಿತ್ತು. ಭರಮಣ್ಣ ಮಾತ್ರ ಬಾಯಿ ತೆರೆದು ನೋಡುತ್ತಿದ್ದ.

“ಅಕ್ಕಾ, ನೀ ಹುಲಿ ಹಿಡದಿ? ಸಣ್ಣಾಕಿ ಇದ್ದಾಗ ಹುಲಿ ಹಿಡಿ ಅಂದ್ರ ಆಟಾನ ಬಿಟ್ಟು ಎದ್ದು ಹೋಗ್ತಿದ್ದಿ! ಚಿರತಿ ಬಂದು ಅಜ್ಜನ ಕುರಿ ಹಿಂಡಿನಾಗ ಹೊಕ್ಕಿದ್ದು ಮರತಿ ಏನ?”

“ನೀ ಸುಮ್ನಿರೋ,” ಎಂದಳು ಸಿದ್ದಕ್ಕ.

ಕಾಂತಾಬಾಯಿಯವರ ಮುಖದ ನಗೆ ಅರ್ಧಕ್ಕೇ ನಿಂತಿತು. “ಖರೇ ಏನ ಸಿದ್ದಕ್ಕ? ನಿನಗೂ ಹುಲಿ ಆಗಿಬರಂಗಿಲ್ಲಾ?”

“ಕುರಿ ಕಾಯ್ದ ಮನಿಯಾಕಿರಿ ನಾ. ಹುಲಿ ಆಗೂದು ಏನ ಹಿಗ್ಗ?”

“ಮತ್ತ ಎಂಟ ತಿಂಗಳ ಯಾಕ ಹಿಡದಿ? ಒಂದ ಮಾತ ಹೇಳಬಾರದಾ?”

“ನಾನೂ ಒಲ್ಲೆ ಅಂದಿದ್ರ ಆಟ ಎಲ್ಲಿ ಆಕ್ಕಿತ್ರಿ?” ಸಿದ್ದಕ್ಕ ಹರಳುಗಳನ್ನು ಒಂದೆಡೆ ಕೂಡಿಸುತ್ತ ಹೇಳಿದಳು. “ನೌಕರಿ ಮುಗದ ಮ್ಯಾಲ ನನ್ನ ಮುಂದ ಕುಂತು ಮಾತಾಡಾಕ ಯಾರದಾರ? ನೀವು ಎದ್ದು ಹೋದೀರಂತ ಹಿಡದೆ.”

ಕಾಂತಾಬಾಯಿಗೆ ನಾಚಿಕೆಯಾಯಿತು. ಮೊದಲ ದಿನ ಹೇಳಿದ್ದು ಖರೆಯೇ ಧರ್ಮ. ಆಮೇಲಿನದೆಲ್ಲ ಗೆಲುವಿನ ಆಸೆ. ತಾನು ಕುರಿಗಳನ್ನು ಉಳಿಸುತ್ತಿದ್ದೇನೆಂದು ಬೀಗುತ್ತ, ಎದುರಿಗೆ ಕೂತ ಗೆಳತಿಯನ್ನು ವಾರವಾರವೂ ಬೋನಿಗೆ ತಳ್ಳಿದ್ದರು. ಅವರು ಹರಳುಗಳನ್ನು ತಮ್ಮ ಕಡೆ ಎಳೆದುಕೊಂಡರು.

ಎರಡನೆಯ ಆಟ ಶುರುವಾಯಿತು. ಕುರಿ ಕೈಗೆ ಬಂದದ್ದೇ ತಡ, ಸಿದ್ದಕ್ಕ ಬೇರೆಯೇ ಹೆಂಗಸಾದಳು. ಬೀಜ ಇಡುವ ಮೊದಲು ಯೋಚಿಸುತ್ತಲೂ ಇರಲಿಲ್ಲ. ಕಾಂತಾಬಾಯಿ ಹುಲಿಗಳನ್ನು ಅತ್ತಿಂದಿತ್ತ ನಡೆಸಿದರೇ ಹೊರತು ಒಂದು ಕುರಿಯನ್ನೂ ಮುಟ್ಟಲಿಲ್ಲ. ಕಣ್ಣೆದುರೇ ಒಂದು ಕುರಿ ಒಂಟಿಯಾಗಿ ನಿಂತಿತ್ತು. ಅದನ್ನೂ ಬಿಟ್ಟು ಬೇರೆ ಹುಲಿಗೆ ಕೈ ಹಾಕಿದರು. ಗೆಳತಿ ಗೆದ್ದರೆ ಗೆಲ್ಲಲಿ ಎಂದುಕೊಂಡಿದ್ದರು.

ಸಿದ್ದಕ್ಕ ಅವರ ಕೈ ಹಿಡಿದು ನಿಲ್ಲಿಸಿದಳು.

“ಧರ್ಮಕ್ಕ ಬಿಡ್ತೀರಿ ಅಂದ್ರ ಬಿಡ್ರಿ, ನಾ ಏನೂ ಅನ್ನಂಗಿಲ್ಲ. ನನ್ನ ಮ್ಯಾಲ ಕನಿಕರ ಮಾಡಿ ಬಿಡಬ್ಯಾಡ್ರಿ ಅಕ್ಕೋರ. ಗೆದ್ರ ನಾ ಖರೇನ ಗೆಲ್ಲಬೇಕು.”

ಕಾಂತಾಬಾಯಿ ಒಂದು ಕ್ಷಣ ಕಣ್ಣು ಮುಚ್ಚಿದರು. “ಉತ್ತಮ ಕ್ಷಮಾ” ಎಂದು ಜೈನರು ಕ್ಷಮೆ ಕೇಳುವ ಮಾತನ್ನು ಗೊಣಗಿ, ಹುಲಿಯನ್ನು ಹಾರಿಸಿ, ಹುಣಸೆಬೀಜವನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಹಾಗೆ ಹಾರಿಸುವಾಗ ಸ್ವಲ್ಪ ಹಿತವೂ ಆಯಿತು. ಅದನ್ನು ಅವರು ಇಂದಿಗೂ ಯಾರಿಗೂ ಹೇಳಿಲ್ಲ. ಜನ ಹೋ ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಸಿದ್ದಕ್ಕ.

ಅವಳು ಕೂಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಒಂಟಿ ಕುರಿ ಬೇಕೆಂದೇ ಇಟ್ಟದ್ದು. ಹುಲಿ ಹಾರಿ ಹೋಗಿ ಕೂತದ್ದು ಮೂಲೆಯಲ್ಲಿ. ಅದರ ಹಿಂದಿನ ದಾರಿಗೆ ಸಿದ್ದಕ್ಕ ಟಪಟಪನೆ ಕುರಿ ತಂದು ನಿಲ್ಲಿಸಿದಳು. ಇನ್ನೆರಡು ಹುಲಿಗಳಿಗೂ ಅದೇ ಗತಿಯಾಯಿತು. ಕಾಂತಾಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎಲ್ಲಿಯೂ ಜಾಗವಿರಲಿಲ್ಲ.

“ಸೋತೆನಲ್ಲವಾ!” ಎಂದರು. ಹೇಳಿದ ಮೇಲೆ ಅವರಿಗೇ ನಗು ಬಂತು. ಸಿದ್ದಕ್ಕ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಎಂಟು ತಿಂಗಳಲ್ಲಿ ಅವಳು ಹಾಗೆ ನಕ್ಕಿದ್ದನ್ನು ಕಾಂತಾಬಾಯಿ ನೋಡಿರಲಿಲ್ಲ.

ಒಂದಕ್ಕೊಂದು ಸಮವಾಯಿತು. ಗೌರೀಶ ನಾಣ್ಯ ಹಾರಿಸಿದ. ಕಾಂತಾಬಾಯಿ ಹೇಳಿದ್ದೇ ಬಿತ್ತು. ಅವರು ಏನು ಆರಿಸುತ್ತಾರೆಂದು ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಗೌರೀಶ ಬೀಜಗಳನ್ನು ಅವರ ಮುಂದೆ ಸುರಿದ. ಸಿದ್ದಕ್ಕನೂ ರೂಢಿಯಂತೆ ಹರಳುಗಳಿಗೆ ಕೈ ಚಾಚಿದಳು.

ಕಾಂತಾಬಾಯಿ ಮೂರೂ ಹರಳುಗಳ ಮೇಲೆ ಅಂಗೈ ಮುಚ್ಚಿದರು.

“ಹುಲಿ ನನಗಿರ್ಲಿ,” ಎಂದರು. “ನಿನ್ನ ಕುರಿ ನೀ ಕಾಯ್ಕೋ.”

ಸಿದ್ದಕ್ಕ ಅವರ ಮುಖವನ್ನೇ ನೋಡಿದಳು. ಆಮೇಲೆ ಹದಿನೈದೂ ಬೀಜಗಳನ್ನು ಒಂದೊಂದಾಗಿ ಎಣಿಸಿ ಉಡಿಗೆ ಹಾಕಿಕೊಂಡಳು.