ಬುಧವಾರದ ತುಂಡು

ಆಲಿವ್ ಮರಗಳಿಗೆ ಇನ್ನೂ ಕಾಲುಗಳಿದ್ದ ಕಾಲದಲ್ಲಿ, ಸ್ಫಾಕ್ಸ್ ಊರಾಚೆಯ ತೋಪಿನ ಒಂದು ಮರ ಒಬ್ಬ ಹುಡುಗಿಗೆ ಮನಸೋತಿತಂತೆ. ಬಾಗಿಲಿಗೆ ಬಂದಾಗಲೆಲ್ಲ ಅವಳಪ್ಪ ಕೊಡಲಿ ಹಿಡಿದು ನಿಲ್ಲುತ್ತಿದ್ದ. ಕಡೆಗೆ ಮರ ತನ್ನ ಹೂವನ್ನೆಲ್ಲ ಪುಡಿಮಾಡಿ ಗಾಳಿಯ ಕೈಗೆ ಕೊಟ್ಟು, 'ನೀನಾದರೂ ಒಳಗೆ ಹೋಗು' ಅಂದಿತು. ಅಷ್ಟೊಂದು ಪ್ರೀತಿ ಒಮ್ಮೆಲೇ ಮೈಮೇಲೆ ಬಿದ್ದರೆ ಯಾರು ತಾನೇ ಉಸಿರಾಡಿಯಾರು? ಹುಡುಗಿ ಇಪ್ಪತ್ತು ದಿನ ದ್ವೀಪದಲ್ಲಿ ಅಡಗಿದ್ದು, ಹೂವೆಲ್ಲ ಉದುರಿದ ಮೇಲೆ ಮನೆಗೆ ಬಂದಳು.

ಈ ಕಥೆಯನ್ನು ಅಜ್ಜಿ ಹೇಳುತ್ತಿದ್ದುದು ನನಗಲ್ಲ, ನನ್ನ ಅಕ್ಕ ಬೇಯಾಗೆ. ವಸಂತ ಬಂತೆಂದರೆ ಅವಳ ಎದೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಪಕ್ಕದಲ್ಲಿ ಮಲಗಿರುತ್ತಿದ್ದ ನನ್ನ ಮನಸ್ಸು ಆ ಮರದ ಕಡೆಗೇ ವಾಲುತ್ತಿತ್ತು. ಪಾಪ, ಅದಕ್ಕೇನು ಗೊತ್ತು?

"ಅವಳು ಹೊರಡೋದನ್ನ ಮರೆತುಬಿಟ್ರೆ?" ಎಂದು ಬೇಯಾ ಕೇಳುವಳು.

"ಹೇಗೆ ಮರೀತಾಳೆ? ಅವಳಿಗೊಬ್ಬಳು ಅಜ್ಜಿ ಇದ್ದಾಳಲ್ಲ."

ಏಪ್ರಿಲ್ ತಿಂಗಳಲ್ಲಿ ಅಜ್ಜಿ ದಿನಾ ಸಂಜೆ ತನ್ನ ಕಪ್ಪು ತಲೆವಸ್ತ್ರವನ್ನು ನೆನೆಸಿ ಮಾಳಿಗೆಯ ಹಗ್ಗಕ್ಕೆ ಹಾಕುತ್ತಿದ್ದಳು. ಬೆಳಿಗ್ಗೆ ಬಟ್ಟೆ ಕಪ್ಪಾಗಿಯೇ ಇದ್ದರೆ ಬೇಯಾಗೆ ಶಾಲೆ. ಆಲಿವ್ ಹೂವಿನ ಹಳದಿ ಹಿಟ್ಟು ಕೂತಿದ್ದರೆ ಅದೇ ದಿನ ಕೆರ್ಕೆನ್ನಾ ದ್ವೀಪದ ಹಡಗು. ಬೇಯಾ ಮದುವೆಯಾಗಿ ಮಗಳನ್ನು ಹೆತ್ತ ಮೇಲೂ ಇದು ತಪ್ಪಲಿಲ್ಲ.

ಅಷ್ಟರಲ್ಲಿ ನಾನು ಪರಾಗ ಎಣಿಸುವ ಕೆಲಸಕ್ಕೆ ಸೇರಿದ್ದೆ. ನಮ್ಮ ಕಚೇರಿಯ ತಾರಸಿಯ ಮೇಲೆ ಗಾಳಿ ಎಳೆದುಕೊಳ್ಳುವ ಒಂದು ಯಂತ್ರವಿದೆ. ಅದರೊಳಗಿನ ಉರುಳೆಗೆ ಸುತ್ತಿದ ಜಿಗುಟು ಪಟ್ಟಿ ಏಳು ದಿನಕ್ಕೊಂದು ಸುತ್ತು ತಿರುಗುತ್ತದೆ. ಪ್ರತಿ ಸೋಮವಾರ ಪಟ್ಟಿ ಬಿಚ್ಚಿ, ದಿನಕ್ಕೊಂದರಂತೆ ಏಳು ತುಂಡು ಮಾಡಿ, ಗಾಜಿಗಿಟ್ಟು, ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಎಣಿಸಿ, ಉಬ್ಬಸದವರಿಗೆಂದು ಸೂಚನಾಪತ್ರ ಹೊರಡಿಸುವುದು ನನ್ನ ಕೆಲಸ.

"ಅಂದ್ರೆ ನಿನ್ನ ಯಂತ್ರ ಹೋದ ವಾರದ ಕುಸ್‌ಕುಸ್ ಬಡಿಸತ್ತೆ ಅನ್ನು," ಎಂದು ಅಜ್ಜಿ ಕಿಚಾಯಿಸಿದ್ದಳು. ನಾನು ನಕ್ಕಿದ್ದೆ. ಆದರೆ ಅದರ ಅರ್ಥ ನನ್ನ ತಲೆಗೆ ಹೋಗಲಿಲ್ಲ.

ಹೋದ ವರ್ಷ ಒಂದು ಬುಧವಾರ ಬಟ್ಟೆ ಹಳದಿಯಾಯಿತು. ಹಿಂದಿನ ದಿನವಷ್ಟೇ ನಾನು ಎಣಿಕೆ ಮುಗಿಸಿದ್ದೆ. ಬಂದದ್ದು ದಿನಕ್ಕೆ ಹತ್ತೊಂಬತ್ತು ಕಣ, ಏನೇನೂ ಅಲ್ಲ. ಮರುದಿನ ಬೇಯಾಳ ಮಗಳು ಸಲ್ವಾ ಶಾಲೆಯಲ್ಲಿ ಹಾಡುವುದಿತ್ತು.

"ಎಸ್ಸಿಯಾ, ನೀನು ಹೇಳು. ಹೋಗ್ಲಾ, ಇರ್ಲಾ?" ಎಂದು ಬೇಯಾ ಕೇಳಿದಳು.

"ಹಾಡು ಕೇಳ್ಕೊಂಡು ಶುಕ್ರವಾರ ಹೋಗೇ. ಅಜ್ಜಿ ಬಟ್ಟೆ ಮೇಲೆ ಬೀದಿ ಧೂಳೂ ಕೂರತ್ತೆ."

ಅಜ್ಜಿ ಅವಳ ಚೀಲ ತುಂಬಿ ಬಾಗಿಲಲ್ಲಿಟ್ಟಿದ್ದಳು. ಬೇಯಾ ಅದನ್ನು ಒಳಗೆ ತೆಗೆದುಕೊಂಡು ಹೋದಳು. ಗುರುವಾರ ಮಧ್ಯಾಹ್ನ ತೆಂಕಣ ಬಿಸಿಗಾಳಿ ಬೀಸಿತು, ಬೇಯಾಳ ಉಸಿರು ಕಟ್ಟಿತು. ಕಾರು ಆಸ್ಪತ್ರೆ ಮುಟ್ಟುವ ಮೊದಲೇ ನನ್ನ ಅಕ್ಕ ಹೋಗಿಬಿಟ್ಟಳು.

ನಾನು ಕೆಲಸಕ್ಕೆ ಮರಳಿದ ದಿನ ಎಣ್ಣೆ ಗಾಣದವನೊಬ್ಬ ಫೋನ್ ಮಾಡಿದ. ಪರಾಗ ಹೆಚ್ಚಿದ್ದರೆ ಕಾಯಿ ಹೆಚ್ಚು. ಅವರೆಲ್ಲ ಪ್ರತಿ ವರ್ಷ ಕೇಳುವುದುಂಟು. "ಹೂವು ಹೇಗಿದೆ ತಂಗಿ? ಒಳ್ಳೇ ಸುದ್ದಿ ಕೊಡು." ನಾನು ಫೋನಿಟ್ಟೆ. ಬೇಯಾ ಸತ್ತ ವಾರದ ಪಟ್ಟಿಯನ್ನು ಎಣಿಸದೆ ಖಾನೆಗೆ ಹಾಕಿ ಬೀಗ ಜಡಿದೆ.

ಅಕ್ಕ ಹೋದ ನಲವತ್ತನೆಯ ದಿನ ಅಜ್ಜಿ ನನ್ನ ಕೈ ಹಿಡಿದಳು. "ಆ ಬುಧವಾರ ಎಷ್ಟಿತ್ತು ಅಂತ ನನಗೆ ಹೇಳ್ಬೇಕು ನೀನು. ಮುಂದಿನ ಹೂವು ಬರೋದ್ರೊಳಗೆ." ಹೂಂ ಅಂದೆ. ಬೇಸಿಗೆ ಹೋಯಿತು, ಕಾಯಿ ಬಿಡಿಸಿದರು, ಚಳಿಗಾಲವೂ ಕಳೆಯಿತು. ನಾನು ಖಾನೆ ತೆಗೆಯಲಿಲ್ಲ.

ಆ ಚಳಿಗಾಲದಿಂದ ಸಲ್ವಾಳ ಎದೆಯಲ್ಲೂ ಅದೇ ಸದ್ದು.

ಈ ಸೋಮವಾರ ಬೆಳಿಗ್ಗೆ ಅಜ್ಜಿ ಬಟ್ಟೆಯನ್ನು ನನ್ನ ಮುಖದ ಮುಂದೆ ಹಿಡಿದಳು. "ನೋಡೇ. ನನ್ನ ಕಣ್ಣಿಗೆ ಎಲ್ಲಾ ಮಂಜು."

ಹೊಲಿಗೆಯ ಉದ್ದಕ್ಕೂ ಹಳದಿ. ಆಗಲೇ ಸಲ್ವಾಳ ಅಪ್ಪ ಲಮೀನ್ ಅವಳನ್ನು ಶಾಲೆಗೆ ಕರೆದೊಯ್ಯಲು ಬಂದ.

"ಇವತ್ತೇ ಹಡಗು ಹತ್ತಿಸಪ್ಪ," ಎಂದಳು ಅಜ್ಜಿ.

"ಗುರುವಾರದವರೆಗೂ ಪರೀಕ್ಷೆ ಇದೆ, ಲಲ್ಲಾ," ಎಂದು ಅವನು ಹಿರಿಯಳೆಂಬ ಗೌರವದಿಂದಲೇ ಹೇಳಿದ.

"ಬಟ್ಟೆ ಹಳದಿಯಾಗಿದೆ."

"ಹೋದ ವರ್ಷಾನೂ ಆಗಿತ್ತು. ಇವಳ ಕಾಗದ ಇಲ್ಲ ಅಂತು." ಅವನು ನನ್ನ ಕಡೆ ತಿರುಗಿದ. ದನಿ ಏರಿರಲಿಲ್ಲ. "ನಿಮ್ಮಿಬ್ಬರಲ್ಲಿ ಯಾರ ಮಾತು ಕೇಳ್ಲಿ, ಎಸ್ಸಿಯಾ? ಆವತ್ತು ಯಾರದು ಸರಿಯಿತ್ತು? ಅದನ್ನ ಹೇಳು, ಸಾಕು."

"ಮಧ್ಯಾಹ್ನದವರೆಗೆ ಇವಳನ್ನ ಮನೆಯೊಳಗೇ ಇಟ್ಟುಕೋ," ಎಂದು ಹೇಳಿ ನಾನು ಕಚೇರಿಗೆ ನಡೆದೆ.

ಖಾನೆಯ ಬೀಗ ತೆಗೆದು, ಹೋದ ವರ್ಷದ ಆ ಪಟ್ಟಿಯನ್ನು ಕತ್ತರಿಸಿ, ಸೋಮವಾರ, ಮಂಗಳವಾರದ ತುಂಡುಗಳನ್ನು ಬದಿಗಿಟ್ಟು ಬುಧವಾರದ್ದನ್ನು ಗಾಜಿನ ಮೇಲೆ ಅಂಟಿಸಿದೆ. ಬಣ್ಣ ತೊಟ್ಟಿಕ್ಕಿದೊಡನೆ ಕಣಗಳೆಲ್ಲ ಗುಲಾಬಿಯಾದವು. ಮೂರು ಮಡಿಕೆಯ, ದುಂಡುದುಂಡಗಿನ ಆಲಿವ್ ಕಣಗಳು. ಚಂದವಾಗಿದ್ದವು. ಅದನ್ನೇ ನನಗೆ ತಡೆಯಲಾಗಲಿಲ್ಲ. ಮೊದಲ ಸಾಲಿನಲ್ಲೇ ಹತ್ತೊಂಬತ್ತು ದಾಟಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಉತ್ತರ ಸಿಕ್ಕಿತ್ತು. ಆದರೆ ಅಜ್ಜಿ ಕೇಳಿದ್ದು ಎಷ್ಟು ಎಂದು. ಕಣ್ಣು ಒರೆಸಿಕೊಂಡಾಗಲೆಲ್ಲ ಲೆಕ್ಕ ತಪ್ಪಿ, ಅದೇ ಸಾಲನ್ನು ಮತ್ತೆ ಮೊದಲಿಂದ ಹಿಡಿಯುತ್ತಿದ್ದೆ.

ಮನೆಗೆ ಬಂದಾಗ ಅಜ್ಜಿ ಮಂಚದ ಮೇಲೆ, ಲಮೀನ್ ಹೊಸ್ತಿಲ ಬಳಿ ಕೂತಿದ್ದರು. ಒಳಗಿನ ಕೋಣೆಯಲ್ಲಿ ಸಲ್ವಾ ಕೆಮ್ಮುತ್ತಿದ್ದಳು.

"ಏಳುನೂರ ನಲವತ್ತಮೂರು," ಎಂದೆ. "ಬುಧವಾರ. ನಾನು ಹೇಳಿದ ಹತ್ತೊಂಬತ್ತು ಅದರ ಹಿಂದಿನ ವಾರದ್ದು. ಬಟ್ಟೆ ಸರಿಯಾಗೇ ಹೇಳಿತ್ತು. ಅವಳನ್ನ ನಿಲ್ಲಿಸಿದ್ದು ನಾನು."

ಲಮೀನ್ ಎದ್ದು, ನನ್ನನ್ನು ದಾಟಿ ಒಳಗೆ ಹೋಗಿ, "ಸಲ್ವಾ, ಬೂಟು ಹಾಕ್ಕೋ ಕಂದಾ. ನಾಲ್ಕು ಗಂಟೆ ಹಡಗಿದೆ," ಅಂದ.

ಅಜ್ಜಿ ಮಂಜು ತುಂಬಿದ ಕಣ್ಣನ್ನು ನನ್ನ ದನಿ ಬಂದ ಕಡೆ ತಿರುಗಿಸಿದಳು.

"ಎಷ್ಟಂದೆ? ಇನ್ನೊಂದ್ಸಲ ಹೇಳು."

ಹೇಳಿದೆ.