ಮುಖ ಪೂರ್ತಿ ಕಾಣಬೇಕು

ಕೆಲಸಕ್ಕೆ ಬಂದಿದ್ದೇನೆ ಎಂಬುದಕ್ಕೆ ನನ್ನ ಮುಖವೇ ಸಾಕ್ಷಿ. ಬೆಳಿಗ್ಗೆ ಏಳಕ್ಕೆ ಸೋಲಾರ್ ಪ್ಲೇಟುಗಳ ಮುಂದೆ ನಿಂತು, ಸಾಲಿನ ನಂಬರು ಕಾಣುವ ಹಾಗೆ ನನ್ನ ಫೋಟೊ ನಾನೇ ತೆಗೆದು ಸೂಪರ್‌ವೈಸರ್ ಪ್ರಸನ್ನ ಕುಮಾರನ ಮೊಬೈಲಿಗೆ ಕಳಿಸಬೇಕು. ಅಪ್ಪ ಕುರಿ ಮೇಯಿಸುತ್ತಿದ್ದ ನೆಲದಲ್ಲೇ ಈಗ ನಾನು ಪ್ಲೇಟು ಒರೆಸುತ್ತೇನೆ, ಹುಲ್ಲು ಕೀಳುತ್ತೇನೆ. ಕ್ಯಾತಗಾನಚೆರ್ಲಿನಲ್ಲಿ ಅರ್ಧ ಊರಿನ ಬದುಕು ಹೀಗೇ ಆಗಿದೆ, ಅದಕ್ಕೆ ನನಗೇನೂ ಬೇಜಾರಿಲ್ಲ.

ಮೊದಲ ವಾರ ತಲೆ ಮೇಲೆ ಸೆರಗು ಹೊದ್ದು, ಅರ್ಧ ಮುಖ ಮುಚ್ಚಿಕೊಂಡು ಕಳಿಸಿದೆ. ಮುಖ ಪೂರ್ತಿ ಕಾಣದಿದ್ದರೆ ಹಾಜರಿ ಹಾಕುವುದಿಲ್ಲ ಅಂದುಬಿಟ್ಟ. ಅವನ ಮನೆ ಹಾಳಾಗ ಎಂದು ಬೈದುಕೊಂಡೇ ಸೆರಗು ಸರಿಸಿ ತೆಗೆದೆ. ನೋಡಿದರೆ, ಮೊಬೈಲಿನಲ್ಲಿ ನಮ್ಮವ್ವ ಇದ್ದಳು.

ಅವ್ವ ಗಿರಿಯಮ್ಮ ಸತ್ತಾಗ ನನಗೆ ನಾಲ್ಕು ವರ್ಷ, ಅವಳಿಗೆ ಇಪ್ಪತ್ತಾರು. ಅವಳದು ಒಂದು ಫೋಟೊ ಕೂಡ ಇಲ್ಲ. ಹಸಿರು ಬಳೆಯ ಕೈ, ಕಂಬಳಿಯ ವಾಸನೆ, ಇಷ್ಟು ನೆನಪಿದೆ. ಮುಖ ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಮರುವರ್ಷ ಅಪ್ಪ ಬುಕ್ಕಾಪಟ್ಟಣದ ಕಡೆಯಿಂದ ಚಿಕ್ಕಹನುಮಕ್ಕನನ್ನು ಮದುವೆಯಾಗಿ ಕರೆತಂದ. ಅವಳೇ ನನ್ನ ಚಿಕ್ಕವ್ವ. ಅವ್ವ ಬೇಕೆಂದು ನಾನು ಅತ್ತಾಗಲೆಲ್ಲ ಅವಳು ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿ, ನೋಡು, ನೀನು ಅಚ್ಚು ನಿಮ್ಮವ್ವನೇ ಅನ್ನುತ್ತಿದ್ದಳು. ಆ ಮಾತು ನನ್ನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮೊಬೈಲಿನಲ್ಲಿ ನನ್ನ ಮುಖ ಕಂಡೊಡನೆ ಅವ್ವ ಅನ್ನಿಸಿದ್ದು ಅದಕ್ಕೇ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮೊದಲ ಹೆಂಡತಿ ಸತ್ತಿದ್ದರೆ, ಬಂದವಳು ಅವಳ ಹೆಸರಿನಲ್ಲಿ ಒಂದು ಪುಟ್ಟ ಬೆಳ್ಳಿ ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಸೀರೆ, ಬಳೆ, ಹೂವು, ಹೊಸದು ಏನೇ ಬಂದರೂ ಮೊದಲು ಆ ಬಿಲ್ಲೆಗೆ ತೋರಿಸಿ ಆಮೇಲೆ ತಾನು ತೊಡಬೇಕು. ಚಿಕ್ಕವ್ವ ಇದನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಅಪ್ಪ ಮಾತ್ರ ಅವ್ವನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಚಿಕ್ಕವ್ವನಿಗೆ ನೋವಾದೀತೆಂದು ನಾನೂ ಕೇಳಲಿಲ್ಲ.

ಅವತ್ತಿನಿಂದ ಹಾಜರಿಗೆ ಒಂದು ಫೋಟೊ, ನನಗೆ ನಾಲ್ಕು. ನಕ್ಕು ತೆಗೆದೆ, ಸಿಟ್ಟು ಮಾಡಿಕೊಂಡು ತೆಗೆದೆ, ಪ್ಲೇಟಿನ ಗಾಜಿನಲ್ಲಿ ಮಬ್ಬಾಗಿ ಕಂಡ ಮುಖವನ್ನೂ ತೆಗೆದೆ. ಜೊತೆಯ ಹೆಂಗಸರು ವನಜಾಕ್ಷಿಗೆ ಈ ವಯಸ್ಸಲ್ಲಿ ಸೆಲ್ಫಿ ಹುಚ್ಚು ಎಂದು ಆಡಿಕೊಂಡರು. ಆಡಿಕೊಳ್ಳಲಿ, ಅವರ ಗಂಟೇನು ಹೋಯಿತು? ಕಿವಿಯ ಹತ್ತಿರ ನರೆ ಕಂಡಾಗ, ಅವ್ವ ಬದುಕಿದ್ದರೆ ಹೀಗೇ ನರೆಯುತ್ತಿದ್ದಳು ಅನ್ನಿಸುತ್ತಿತ್ತು. ಮೂವತ್ತೊಂಬತ್ತು ವರ್ಷದ ನನಗೆ, ಮದುವೆಗೆ ಬಂದ ಮಗಳಿರುವ ನನಗೆ, ನಮ್ಮವ್ವ ಬೇಕಾಗಿದ್ದಳು.

ಇಷ್ಟು ಫೋಟೊಗಳಲ್ಲಿ ಅವ್ವನನ್ನು ಹೆಚ್ಚು ಹೋಲುವುದು ಯಾವುದೋ ಅದನ್ನು ಪಾವಗಡದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು ಎಂಬ ಆಸೆ ಹುಟ್ಟಿತು. ಅವ್ವನ ಜೊತೆ ಬಾಳಿದವನು ಅಪ್ಪ, ಅವನನ್ನೇ ಕೇಳೋಣ ಅಂದುಕೊಂಡೆ. ಯುಗಾದಿಯ ದಿನ ಚಿಕ್ಕವ್ವನಿಗೊಂದು ಸೀರೆ ಹಿಡಿದುಕೊಂಡು ಹೋದೆ. ನನ್ನ ತವರಿರುವುದು ಇದೇ ಊರಿನ ಹಿಂದಿನ ಬೀದಿಯಲ್ಲಿ. ಅಪ್ಪ ಕಾಟಪ್ಪ ಜಗಲಿಯ ಮೇಲಿದ್ದ. ಮೊಬೈಲು ಕೊಟ್ಟು, ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅಪ್ಪ, ಯಾವುದ್ರಾಗೆ ನಾನು ಅವ್ವನಂಗೆ ಇದೀನಿ?"

ಅಪ್ಪ ಒಂದೊಂದೇ ಫೋಟೊ ಕಣ್ಣಿನ ಹತ್ತಿರ ಹಿಡಿದು ನೋಡಿದ. ಮೊದಲಿಂದ ಇನ್ನೊಮ್ಮೆ ನೋಡಿದ.

"ಯಾವುದ್ರಾಗೂ ಇಲ್ಲ ಕಣಮ್ಮ. ಅವಳ ಮಕ ದುಂಡುಗಿತ್ತು. ನೀನು ನಮ್ಮವ್ವನ ತರ, ನಿಮ್ಮಜ್ಜಿ ತರ."

ಬಾಗಿಲಲ್ಲಿ ನಿಂತಿದ್ದ ಚಿಕ್ಕವ್ವನ ಕಡೆ ತಿರುಗಿದೆ. ಅವಳು ಅವ್ವನನ್ನು ಕಂಡವಳೇ ಅಲ್ಲ ಎಂಬುದು ನನಗೆ ಹೊಳೆದದ್ದು ಆಗ. ಕಾಣದ ಮುಖವನ್ನು ಕಂಡಂತೆ ಹೇಳಲು ನಿನಗೆ ಬಾಯಾದರೂ ಹೇಗೆ ಬಂತು ಎಂದು ಹಬ್ಬದ ದಿನ ಅನ್ನುವುದನ್ನೂ ನೋಡದೆ ಕೂಗಾಡಿದೆ.

"ನೀನು ಉಣ್ತಿರ್ಲಿಲ್ಲ ವನಜಿ," ಅಂದಳು ಚಿಕ್ಕವ್ವ. "ನಿಮ್ಮವ್ವನಂಗೇ ಇದೀಯ ಅಂದ್ರೆ ಎರಡು ತುತ್ತು ಉಣ್ತಿದ್ದೆ. ಅದಕ್ಕೆ ಅಂದ್ಬುಟ್ಟೆ."

ಜಗಲಿಯ ಮೇಲೆ ಕೂತು ಮೊಬೈಲು ನೋಡಿದೆ. ಉದ್ದ ಮುಖ, ಬಿಸಿಲಿಗೆ ಕಿರಿದಾದ ಕಣ್ಣು, ಬೈಯಲು ಸಿದ್ಧವಾದ ಬಾಯಿ. ಅವ್ವ ಎರಡನೇ ಸಲ ಸತ್ತಳು ಅನ್ನಿಸಿ ಅಳು ಬಂತು. ಅತ್ತು ಮುಗಿಸಿ ಮತ್ತೆ ನೋಡಿದೆ. ಅವ್ವನನ್ನು ಹುಡುಕುವ ಗಡಿಬಿಡಿಯಲ್ಲಿ ಈ ಹೆಂಗಸನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡಿದರೆ ಪರವಾಗಿಲ್ಲ, ಚೆನ್ನಾಗಿಯೇ ಇದ್ದಳು. ಅವ್ವನಿಲ್ಲದೆಯೂ ಇಷ್ಟು ದೂರ ಬಂದವಳು.

ಒಳಗೆ ಚಿಕ್ಕವ್ವ ಹೊಸ ಸೀರೆಯ ಮಡಿಕೆ ಬಿಚ್ಚಿ, ಎಂದಿನಂತೆ ಬಿಲ್ಲೆಯ ಮುಂದೆ ಹಿಡಿದಿದ್ದಳು. ಅಕ್ಕ, ನೋಡು, ನಿನ್ನ ಮಗಳು ತಂದವ್ಳೆ ಎಂದು ಮೆಲ್ಲಗೆ ಹೇಳುತ್ತಿದ್ದಳು. ಎದ್ದು ಹೋಗಿ ಅವಳೆದುರು ನಿಂತೆ. ನಾನು ನಕ್ಕಿದ್ದ ಫೋಟೊ ಹುಡುಕಿ, ಮೊಬೈಲನ್ನು ಅವಳ ಎದೆಯ ಮೇಲಿನ ಬಿಲ್ಲೆಗೆ ಎದುರಾಗಿ ಹಿಡಿದೆ.

"ಅವ್ವ, ನೋಡು," ಅಂದೆ. "ನಾನು ಇಂಗಿದೀನಿ."

ಚಿಕ್ಕವ್ವ ಸೀರೆಯನ್ನು ಕೆಳಗಿಟ್ಟಳು. ನಾನು ಒಂದೊಂದಾಗಿ ಎಲ್ಲ ಫೋಟೊ ತೋರಿಸಿ ಮುಗಿಸುವವರೆಗೂ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೇ ಇದ್ದಳು.