ಅರ್ಧ ಕಡಿದ ಜಾಲಿ ಮರ

ರಾಯಿಕೋಡ್ ಕಡೆಯ ಹಳ್ಳಿಗಳಿಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಆದರೂ ಜೋಳದ ರೊಟ್ಟಿ ಸುಡಲು, ಸ್ನಾನದ ನೀರು ಕಾಯಿಸಲು ಕಟ್ಟಿಗೆ ಒಲೆಯೇ ಬೇಕು. ಮಳೆಗಾಲ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಣ ಕಟ್ಟಿಗೆಯದೇ ಚಿಂತೆ. ವೀರಪ್ಪನಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಹೊಲದ ಆಚೆ ಕಲ್ಲುನೆಲದಲ್ಲಿ ಅವನದೇ ಸಣ್ಣ ಅಡವಿ ಇತ್ತು. ಜಾಲಿ, ಬೇವು, ಮುತ್ತುಗ, ಎಲ್ಲ ಅಪ್ಪನ ಕಾಲದಿಂದ ಬೆಳೆದವು. ಬೇಕಾದಾಗ ಕೊಡಲಿ ಹಿಡಿದು ಹೋದರಾಯಿತು.

ಒಂದು ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಕೂತು ಕೊಡಲಿ ಮಸೆಯುತ್ತಿದ್ದ. ಪಕ್ಕದ ಮನೆಯ ಪ್ರೇಮಲಾ ಆ ಕಡೆ ಹೋಗುತ್ತಿದ್ದವಳು ನಿಂತಳು. ಮೊದಲು ಬಾಯಿ ತುಂಬ ಮಾತಾಡುವ ಹೆಂಗಸು. ಹೋದ ವರ್ಷ ಅವಳ ಅತ್ತೆ ಭೀಮವ್ವ ತಮ್ಮದೇ ಅಡವಿಯಲ್ಲಿ ಮರದ ಕೆಳಗೆ ಸಿಕ್ಕು ಸತ್ತರು. ಅಂದಿನಿಂದ ಆ ಮನೆಯಲ್ಲಿ ಮಾತೇ ಕಡಿಮೆ.

“ಕಾಕಾ, ಕಟ್ಟಿಗಿ ಕಡದು ಆತೇನ್ರಿ?”

“ಎಲ್ಲಿ ಆತವ್ವ. ದೊಡ್ಡ ಜಾಲಿ ಅರ್ಧ ಕಡದು ಬಿಟ್ಟೀನಿ. ನಿಂತಲ್ಲೇ ಒಣಗಲಿ. ಈಗೇ ಕೆಡವಿದ್ರ ವರಲಿ ಹತ್ತತಾವ. ಒಣಗಿದ ಮ್ಯಾಲ ಹೊರಾಕೂ ಹಗುರ.”

ಆ ಊರಲ್ಲಿ ಬಹಳ ಮಂದಿ ಹೀಗೇ ಮಾಡುತ್ತಾರೆ. ಬುಡ ಅರ್ಧ ಕಡಿದು ಬಿಟ್ಟರೆ ಮರ ನಿಂತೇ ಒಣಗುತ್ತದೆ, ಗೆದ್ದಲು ಮುಟ್ಟುವುದಿಲ್ಲ. ಇದನ್ನು ದೊಡ್ಡ ಜಾಣತನ ಎಂದೇ ತಿಳಿದಿದ್ದಾರೆ.

ಪ್ರೇಮಲಾಳ ಮುಖ ಬಿಳಿಚಿತು. “ಹಂಗ ಬಿಡಬ್ಯಾಡ್ರಿ ಕಾಕಾ. ಇವತ್ತೇ ಕೆಡವ್ರಿ.”

“ನಮ್ಮ ಅಡವಿ, ನಮ್ಮ ಮರ. ಅಲ್ಲಿ ಯಾರ ಬರತಾರ? ಇಷ್ಟ ದಿನದಿಂದ ಗಟ್ಟಿ ನಿಂತದ. ನೀ ಸುಮ್ಮ ಫಿಕರ್ ಮಾಡಬ್ಯಾಡ.”

“ನಮ್ಮ ಅತ್ತಿಗೂ ಹಂಗೇ ಆತಲ್ರಿ.”

“ನಿಮ್ಮ ಅತ್ತಿದು ಬ್ಯಾರೆ ಅದ ತಂಗಿ. ವಯಸ್ಸಾಗಿತ್ತು, ಗಾಳಿ ದಿನದಾಗ ಹೋಗಬಾರದಿತ್ತು. ಅವರ ಹಣೆಬರಹ.”

ಇಂಥ ಮಾತು ಆಡುವುದು ಎಷ್ಟು ಸುಲಭ ನೋಡಿ. ಪ್ರೇಮಲಾಳ ಕಣ್ಣು ತುಂಬಿತು. ಆದರೆ ಅವಳು ಹೋಗಲಿಲ್ಲ.

“ಆ ದಿನ ಗಾಳಿ ಇರಲೇ ಇಲ್ರಿ. ಅತ್ತಿ ಒಂದ್ ಒಣ ಟೊಂಗಿ ಹಿಡದು ಜಗ್ಗ್ಯಾರ, ಅಷ್ಟೇ. ಬುಡ ಆ ಕಡಿ ಕಡದಿತ್ತು, ಈ ಕಡಿ ನಿಂತವರಿಗೆ ಕಾಣಂಗಿಲ್ಲ. ಕಡದವರು ನಮ್ಮ ಮನಿಯವರೇ. ಅವರಿಗೆ ಮಾಲೂಮ್ ಇತ್ತು. ಅವ್ವಗ ಹೇಳಿದ್ದಿಲ್ಲ. ನಮ್ಮವ್ವನ್ನ ನಾನೇ ಕೊಂದೆ ಅಂತ ಈಗೂ ಗ್ವಾಡಿಗೆ ಮಾರಿ ಮಾಡಿ ಕೂಡತಾರ.”

ವೀರಪ್ಪನ ಕೈ ನಿಂತಿತು.

“ನೀವು ಕಾಕಿಗೆ ಹೇಳೀರೇನ್ರಿ?”

ವೀರಪ್ಪ ಹೆಂಡತಿಗೆ ಹೇಳಿರಲಿಲ್ಲ. ಅದು ಹೇಳಬೇಕಾದ ಮಾತು ಎಂದೇ ಅವನಿಗೆ ಹೊಳೆದಿರಲಿಲ್ಲ. ಕಡಿಯುವುದು ಗಂಡಸರ ಕೆಲಸ, ಆಯುವುದು ಹೆಂಗಸರ ಕೆಲಸ. ಒಬ್ಬರ ಕೆಲಸ ಇನ್ನೊಬ್ಬರಿಗೆ ಹೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ನಿಮ್ಮ ಮನೆಯಲ್ಲಿ ಇದೆಯೇ?

“ಕಾಕಿ ಎಲ್ಲಿ ಹೋಗ್ಯಾರ್ರಿ?”

“ಕಟ್ಟಿಗಿ ಆಯಾಕ…” ಎಂದವನು ಕೊಡಲಿ ಅಲ್ಲೇ ಬಿಟ್ಟು ಎದ್ದ.

ಇಬ್ಬರೂ ಹೊಲ ದಾಟಿ ಓಡಿದರು. ವೀರಪ್ಪನ ಹೆಂಡತಿ ಸುಗಲಾಬಾಯಿ ಆಯ್ದ ಕಟ್ಟಿಗೆಯ ಹೊರೆ ಕಟ್ಟಿಟ್ಟು, ಅದೇ ಜಾಲಿಯ ಬುಡಕ್ಕೆ ಬೆನ್ನು ಕೊಟ್ಟು ನೀರು ಕುಡಿಯುತ್ತಿದ್ದಳು. ಅವಳ ಬೆನ್ನ ಹಿಂದೆ, ಬುಡದ ಆಚೆ ಬದಿಯಲ್ಲಿ ಕೊಡಲಿ ಏಟು ಬಿದ್ದ ಕಡೆ, ಬಿರುಕು ಅಂಗೈ ಹೋಗುವಷ್ಟು ಬಾಯಿ ಬಿಟ್ಟಿತ್ತು. ವೀರಪ್ಪ ಕಡಿದಾಗ ಅದು ಅಷ್ಟು ಅಗಲ ಇರಲಿಲ್ಲ.

“ಸುಗಲಾ, ಜಲ್ದಿ ಎದ್ದು ಬಾ!”

ಅವಳು ಎದ್ದಳು. ಎದ್ದವಳು ಹೊರೆ ಎತ್ತಲು ಬಗ್ಗಿದಳು.

“ಹೊರಿ ಬಿಡ್ರಿ ಕಾಕಿ! ನಿಮಗ ಕೈ ಮುಗಿತೀನಿ, ಬಿಟ್ಟು ಬರ್ರಿ!” ಎಂದು ಪ್ರೇಮಲಾ ಕಿರುಚಿದಳು.

ಸುಗಲಾಬಾಯಿ ಗಾಬರಿಯಿಂದ ಓಡಿ ಬಂದಳು. ದೂರ ನಿಲ್ಲಿಸಿ ಗಂಡ ಬೆರಳು ಮಾಡಿ ತೋರಿಸಿದ. ಬಿರುಕು ಕಂಡಾಗ ಅವಳು ಗಂಡನ ಕಡೆ ತಿರುಗಿದಳು.

“ದಿನಾ ಅದರ ನೆಳ್ಳಾಗೇ ಕೂಡತೀನಿ. ಒಂದ್ ಮಾತ ಹೇಳಾಕ ಆಗಲಿಲ್ಲೇನ್ರಿ ನಿಮಗ? ನಾ ಸತ್ತಿದ್ರ ನನ್ನ ಹಣೆಬರಹ ಅಂತಿದ್ರಿ.”

ವೀರಪ್ಪ ಪ್ರೇಮಲಾಳ ಮುಖ ನೋಡಲಾರದೆ ತಲೆ ತಗ್ಗಿಸಿದ.

ಅವತ್ತೇ ನೆರೆಯವರನ್ನು ಕರೆದರು. ಮರದ ಎತ್ತರಕ್ಕಿಂತ ಉದ್ದನೆಯ ಹಗ್ಗ ತಂದರು. ತುದಿಗೆ ಕಲ್ಲು ಕಟ್ಟಿ ದೂರದಿಂದಲೇ ಟೊಂಗೆಗೆ ಎಸೆದು, ಎಲ್ಲರೂ ಹಿಂದೆ ಸರಿದು ಜಗ್ಗಿದರು. ಎರಡನೇ ಸಲ ಜಗ್ಗುವುದೇ ಬೇಕಾಗಲಿಲ್ಲ. ಪ್ರೇಮಲಾಳ ಗಂಡ ಗುರುಲಿಂಗನೂ ಬಂದಿದ್ದ. ಮರ ಬಿದ್ದ ಸದ್ದಿಗೆ ಅವನು ಎರಡೂ ಕಿವಿ ಮುಚ್ಚಿಕೊಂಡು ಬೆನ್ನು ತಿರುಗಿಸಿ ನಿಂತ.

ಕಟ್ಟಿಗೆಯನ್ನು ತುಂಡು ಮಾಡಿ, ಚಪ್ಪಡಿ ಕಲ್ಲು ಹಾಸಿ, ನೆಲ ತಾಗದಂತೆ ಒಟ್ಟಿದರು. ಗೆದ್ದಲಿನ ಭಯ ಅಷ್ಟಕ್ಕೇ ತೀರಿತು. ಸುಗಲಾಬಾಯಿ ಮಾತ್ರ ಎಷ್ಟೋ ದಿನ ಗಂಡನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ವೀರಪ್ಪ ಕೊಡಲಿ ಕೈಗೆತ್ತಿಕೊಳ್ಳುವ ಮೊದಲು ಯಾವ ಮರ, ಯಾವ ದಿನ ಎಂದು ಮನೆಯಲ್ಲಿ ಹೇಳುತ್ತಾನೆ. ಶುರು ಮಾಡಿದ ಮರವನ್ನು ಕೆಡವದೆ ಮನೆಗೆ ಬರುವುದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಅಡವಿ ನಿಮ್ಮದೇ ಇರಬಹುದು, ಬೀಳುವ ಮರಕ್ಕೆ ಅದು ಗೊತ್ತಿಲ್ಲ. ಒಬ್ಬರೇ ಕಡಿಯಲು ಹೋಗಬೇಡಿ. ಅರ್ಧ ಕಡಿದು ಬಿಡಬೇಡಿ. ಮರ ಇನ್ನೊಂದು ಮರಕ್ಕೆ ಸಿಕ್ಕಿಬಿದ್ದರೆ ಅದರ ಕೆಳಗೆ ಕಾಲಿಡದೆ ಜನ ಕರೆಯಿರಿ. ಕತ್ತಲಾಗಿ ಕೆಲಸ ಉಳಿದರೆ ಸುತ್ತ ದೂರದಲ್ಲಿ ಮುಳ್ಳು ಬೇಲಿ ಹಾಕಿ, ಕೆಂಪು ಬಟ್ಟೆ ಕಟ್ಟಿ, ಮನೆಯವರಿಗೂ ನೆರೆಯವರಿಗೂ ತಿಳಿಸಿ. ಆಯಲು ಹೋಗುವವರೇ, ಟೊಂಗೆ ಮುಟ್ಟುವ ಮೊದಲು ಮರವನ್ನು ದೂರದಿಂದ ಸುತ್ತು ಹಾಕಿ ಬುಡ ನೋಡಿ, ತಲೆ ಎತ್ತಿ ಮೇಲೂ ನೋಡಿ.

ನಿಮ್ಮ ಅಡವಿಯಲ್ಲಿ ಈಗ ಅಂಥ ಮರ ನಿಂತಿದ್ದರೆ ಇನ್ನು ಇಲ್ಲಿ ಕೂರಬೇಡಿ. ಎದ್ದು ಹೋಗಿ, ಮನೆಯವರು ಎಲ್ಲಿದ್ದಾರೆ ಮೊದಲು ನೋಡಿ.